ಕಿಡಿ ಎಲ್ಲಿಂದ ಸೋರುತ್ತಿದೆ? ಪೆಟ್ರೋಲ್ ಮಾಡೆಲ್ ವಿಮಾನದಲ್ಲಿ ರೇಡಿಯೊ ಅಡಚಣೆ ಹಿಡಿಯುವ ಬಗೆ

ದೂರದರ್ಶನದ ಒಂದೇ ಚಾನೆಲ್ ಇದ್ದ ಕಾಲದಲ್ಲಿ ಟಿವಿ ನೋಡಿದವರು ಇಲ್ಲಿ ಕೂತಿರುವ ನಿಮ್ಮಲ್ಲಿ ಕೆಲವರಾದರೂ ಇರುತ್ತೀರಿ. ಭಾನುವಾರ ಸಂಜೆ ಸಿನಿಮಾ ನಡೆಯುತ್ತಿರುತ್ತದೆ. ಮನೆ ಮುಂದೆ ಒಂದು ಲೂನಾ ಹಾದುಹೋದರೆ ಸಾಕು, ಪರದೆಯ ತುಂಬ ಬಿಳಿ ಚುಕ್ಕಿ, ಸ್ಪೀಕರಿನಲ್ಲಿ ಕರಕರ. ಗಾಡಿ ತಿರುವು ದಾಟಿದ ಮೇಲೆ ಚಿತ್ರ ಮತ್ತೆ ಸರಿಹೋಗುತ್ತಿತ್ತು. ಆ ಲೂನಾದಲ್ಲಿ ಯಾವ ರೇಡಿಯೊ ಯಂತ್ರವೂ ಇರಲಿಲ್ಲ. ಇದ್ದದ್ದು ಒಂದು ಸ್ಪಾರ್ಕ್ ಪ್ಲಗ್. ಅರ್ಧ ಮಿಲಿಮೀಟರ್ ಸಂದಿಯಲ್ಲಿ ಹಾರುವ ಕಿಡಿ ರಸ್ತೆಯಿಂದ ನಡುಮನೆಯ ತನಕ ಮುಟ್ಟುತ್ತಿತ್ತು. ಈಗ ಅಂಥದ್ದೇ ಪ್ಲಗ್ಗನ್ನು ನಾವು, ನಮ್ಮ ಕೈಯ ರೇಡಿಯೊ ಸನ್ನೆ ಹಿಡಿಯುವ ರಿಸೀವರಿನಿಂದ ಎರಡು ಅಡಿ ದೂರದಲ್ಲಿ ಕೂರಿಸಿ, ಹತ್ತು ಕಿಲೊ ತೂಕದ ಮಾಡೆಲ್ ವಿಮಾನವನ್ನು ಆಕಾಶಕ್ಕೆ ಬಿಡುತ್ತಿದ್ದೇವೆ.

ಕಿಡಿಗೂ ರೇಡಿಯೊಗೂ ಇರುವ ನಂಟು ಹೊಸದಲ್ಲ. ಹರ್ಟ್ಸ್ 1887ರಲ್ಲಿ ರೇಡಿಯೊ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದು ಕಿಡಿ ಹಾರಿಸಿಯೇ. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ತಂತಿಯಿಲ್ಲದೆ ದೂರದ ಗಂಟೆ ಬಾರಿಸಿದ್ದೂ ಕಿಡಿಯಿಂದಲೇ. ಮಾರ್ಕೋನಿಯ ಮೊದಲ ಟ್ರಾನ್ಸ್‌ಮಿಟರ್‌ಗಳೂ ಕಿಡಿಯವೇ. ಹಾಗಾಗಿ ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ಪೆಟ್ರೋಲ್ ಇಂಜಿನ್ ಇರುವ ಮಾಡೆಲ್‌ನಲ್ಲಿ ಎರಡು ಟ್ರಾನ್ಸ್‌ಮಿಟರ್‌ಗಳಿವೆ. ಒಂದು ನಿಮ್ಮ ಕೈಯಲ್ಲಿ, ಇನ್ನೊಂದು ಇಂಜಿನ್ನಿನ ತಲೆಯ ಮೇಲೆ. ಎರಡನೆಯದು ರಿಸೀವರಿಗೆ ಬಹಳ ಹತ್ತಿರ. ವಿಮಾನ ಒಮ್ಮೆ ಕುಲುಕಿದರೆ ನಾವು ಮೊಬೈಲ್ ಟವರ್ ಕಡೆ, ಹೈಟೆನ್ಷನ್ ಲೈನ್ ಕಡೆ ಕೈ ತೋರಿಸುತ್ತೇವೆ. ಮೊದಲು ನೋಡಬೇಕಾದದ್ದು ಕೌಲ್ (ಇಂಜಿನ್ನಿನ ಮೇಲುಹೊದಿಕೆ) ಬಿಚ್ಚಿ, ನಮ್ಮದೇ ಇಂಜಿನ್ನನ್ನು.

ಕಿಡಿಯಿಲ್ಲದೆ, ಕೆಂಪಗೆ ಕಾದ ತಂತಿಯ ಗ್ಲೋ ಪ್ಲಗ್ಗಿನಿಂದ ಮೆಥನಾಲ್ ಉರಿಸುವ ಗ್ಲೋ ಇಂಜಿನ್ ಹಾರಿಸಿ ಅಭ್ಯಾಸವಾದವರಿಗೆ ಇದು ಹೊಸ ತಲೆನೋವು. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತರುವ ಮುಂಚೆ ಮಾಡೆಲ್ ಇಂಜಿನ್‌ಗಳಲ್ಲಿ ಬಹುಪಾಲು ಕಿಡಿಯಿಂದಲೇ ಓಡುತ್ತಿದ್ದವು. ಗ್ಲೋ ಪ್ಲಗ್ ಬಂದಮೇಲೆ ಕಾಯಿಲ್ ಹೋಯಿತು, ಕಿಡಿ ಹೋಯಿತು, ಜೊತೆಗೆ ಗದ್ದಲವೂ ಹೋಯಿತು. ಆಮೇಲೆ ದೊಡ್ಡ ಮಾಡೆಲ್‌ಗಳಿಗೆ ಮರ ಕೊಯ್ಯುವ ಗರಗಸದ, ಕಳೆ ಕೊಚ್ಚುವ ಮೆಷಿನ್ನಿನ ಇಂಜಿನ್‌ಗಳನ್ನು ಕೂರಿಸಲು ಶುರುಮಾಡಿದಾಗ ಕಿಡಿ ಮರಳಿತು. ಮೆಥನಾಲ್‌ಗೆ ಹೋಲಿಸಿದರೆ ಪೆಟ್ರೋಲ್ ಅಗ್ಗ, ಒಂದು ಟ್ಯಾಂಕಿಗೆ ಹಾರಾಟವೂ ಹೆಚ್ಚು. ಅದಕ್ಕೆ ಬದಲಾಗಿ ಈ ಗದ್ದಲವನ್ನು ಹದ್ದುಬಸ್ತಿನಲ್ಲಿ ಇಡುವ ಕೆಲಸ ನಮ್ಮ ಪಾಲಿಗೆ ಬಂತು.

"ಈಗ ಎಲ್ಲರದೂ 2.4 ಗಿಗಾಹರ್ಟ್ಸ್ ಸೆಟ್, ಇದೆಲ್ಲ ಯಾಕೆ?" ಎಂದು ನೀವು ಕೇಳಬಹುದು. ಅರ್ಧ ಸರಿ. ಕಿಡಿಯ ಗದ್ದಲ ಒಂದು ಗೊತ್ತಾದ ಫ್ರೀಕ್ವೆನ್ಸಿಯಲ್ಲಿ ಇರುವುದಿಲ್ಲ, ಅಗಲಕ್ಕೆ ಹರಡಿರುತ್ತದೆ. ಕೆಳಗೆ ಜೋರು, ಮೇಲೆ ಹೋದಂತೆ ಕ್ಷೀಣ. ಹಳೆಯ 35, 72 ಮೆಗಾಹರ್ಟ್ಸ್ ಸೆಟ್‌ಗಳು ಆ ಜೋರಿನ ನಡುವೆಯೇ ಕೂತಿದ್ದವು. ಲೂನಾ ಹಾಳುಮಾಡುತ್ತಿದ್ದ ಟಿವಿ ಚಾನೆಲ್‌ಗಳಲ್ಲಿ ಕೆಳಗಿನವು 47ರಿಂದ 68 ಮೆಗಾಹರ್ಟ್ಸ್ ನಡುವೆ ಇದ್ದವು, 72ಕ್ಕೆ ನೆರೆಮನೆ. 2.4 ಗಿಗಾಹರ್ಟ್ಸ್‌ನಲ್ಲಿ ಗಾಳಿಯ ಮೂಲಕ ಬರುವ ಗದ್ದಲ ತೀರ ಕಡಿಮೆ. ಆದರೆ ರಿಸೀವರಿಗೆ ಆಂಟೆನಾ ಒಂದೇ ಬಾಗಿಲಲ್ಲ. ಅದಕ್ಕೆ ಸಿಕ್ಕಿಸಿದ ಪ್ರತಿಯೊಂದು ತಂತಿಯೂ ಒಂದು ಬಾಗಿಲು. ರೆಕ್ಕೆಯ ಹಿಂದಂಚಿನ ಪಟ್ಟಿಯನ್ನು, ಅಂದರೆ ಏಲರಾನನ್ನು, ತಿರುಗಿಸುವ ಪುಟ್ಟ ಮೋಟಾರಿಗೆ, ಅಂದರೆ ಸರ್ವೊಗೆ, ರೆಕ್ಕೆಯೊಳಗೆ ಹೋಗುವ ತಂತಿ ಒಂದು ಮೀಟರ್ ಉದ್ದ ಇದೆ ಎಂದುಕೊಳ್ಳಿ. ಒಂದು ಮೀಟರ್ ಅಂದರೆ 75 ಮೆಗಾಹರ್ಟ್ಸ್ ಅಲೆಯ ಸರಿಯಾಗಿ ಕಾಲು ಭಾಗ. ಕಿಡಿಯ ಗದ್ದಲ ಎಲ್ಲಿ ಜೋರಾಗಿದೆಯೋ ಅಲ್ಲಿಗೇ ಹೇಳಿ ಮಾಡಿಸಿದ ಆಂಟೆನಾ ಅದು. ಅದರ ಮೂಲಕ ಒಳನುಗ್ಗಿದ ಗದ್ದಲ ರಿಸೀವರಿನ ಚಿಪ್ಪನ್ನು ಗೊಂದಲಗೊಳಿಸುತ್ತದೆ, ಸರ್ವೊದ ಒಳಗಿನ ಸರ್ಕೀಟನ್ನೂ ಕೆಣಕುತ್ತದೆ. ಸರ್ವೊ ಕಾಯುತ್ತಿರುವುದು 1ರಿಂದ 2 ಮಿಲಿಸೆಕೆಂಡ್ ಅಗಲದ ಒಂದು ಪುಟ್ಟ ಪಲ್ಸ್‌ಗಾಗಿ. 1.5 ಅಂದರೆ ನಡುಮಧ್ಯ. ಆ ಪಲ್ಸಿನ ಅಂಚಿಗೆ ಚೂರು ಗದ್ದಲ ಅಂಟಿದರೂ ಸರ್ವೊ ತಪ್ಪು ಓದುತ್ತದೆ, ನಡುಗುತ್ತದೆ.

ಲಕ್ಷಣ ಓದುವುದು

ವೈದ್ಯರು ಔಷಧಿ ಬರೆಯುವ ಮುಂಚೆ ನಾಡಿ ಹಿಡಿಯುತ್ತಾರೆ. ಇಲ್ಲಿಯೂ ಅದೇ ಕ್ರಮ. ಗದ್ದಲ ತಡೆಯಲು ತಂತಿಗೆ ಹಾಕುವ ಫೆರೈಟ್ ರಿಂಗ್ ಕೊಳ್ಳುವ ಮುಂಚೆ, ರಿಸೀವರ್ ಬದಲಿಸುವ ಮುಂಚೆ, ವಿಮಾನ ಏನು ಮಾಡುತ್ತಿದೆ, ಯಾವಾಗ ಮಾಡುತ್ತಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಇಂಜಿನ್ ನಿಂತಿದ್ದಾಗಲೂ ಸರ್ವೊ ನಡುಗುತ್ತಿದ್ದರೆ ಅದಕ್ಕೂ ಕಿಡಿಗೂ ಸಂಬಂಧವಿಲ್ಲ. ಸವೆದ ಸರ್ವೊ, ಸಡಿಲ ಕನೆಕ್ಟರ್, ಇಳಿದುಹೋದ ಬ್ಯಾಟರಿ, ಇವುಗಳನ್ನು ನೋಡಿ. ಇಂಜಿನ್ ಓಡುವಾಗ ಮಾತ್ರ, ವೇಗ ಏರಿದಂತೆ ನಡುಕವೂ ಏರುತ್ತಿದ್ದರೆ ಕಿಡಿಯ ಮೇಲೆ ಅನುಮಾನ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಗಿ, ಅದರ ಕೆಳಗೂ ಮೇಲೂ ಸುಮ್ಮನಿದ್ದರೆ ಅದು ಹೆಚ್ಚಾಗಿ ಅದುರುವಿಕೆಯ ಕೆಲಸ. ಆ ವೇಗದಲ್ಲಿ ಯಾವುದೋ ಭಾಗ ಅನುರಣಿಸುತ್ತದೆ, ಯಾವುದೋ ಪಿನ್ ಬಿಟ್ಟು ಬಿಟ್ಟು ಮುಟ್ಟುತ್ತದೆ. ಇಂಜಿನ್ನಿನ ವೇಗ ಏರಿಸಿ ಇಳಿಸುವ ಥ್ರಾಟಲ್ ಸರ್ವೊ ಒಂದೇ ನಡುಗಿ ಉಳಿದವೆಲ್ಲ ತೆಪ್ಪಗಿದ್ದರೆ, ಇಂಜಿನ್ನಿನಿಂದ ಆ ಸರ್ವೊಗೆ ಹೋಗುವ ಕಡ್ಡಿ ಅಥವಾ ಅದರ ತಂತಿ ಹಾದುಹೋಗುವ ದಾರಿ ತಪ್ಪಾಗಿದೆ. ಎಲ್ಲ ಸರ್ವೊಗಳೂ ಒಟ್ಟಿಗೇ ಸ್ತಬ್ಧವಾಗಿ, ಒಂದೆರಡು ಸೆಕೆಂಡ್ ಬಿಟ್ಟು ಮತ್ತೆ ಜೀವ ಬಂದರೆ ರಿಸೀವರಿಗೆ ವೋಲ್ಟೇಜ್ ಸಾಲದೆ ಅದು ಮಲಗಿ ಎದ್ದಿದೆ. ವಿಮಾನ ಒಂದು ದಿಕ್ಕಿಗೆ ಮೂಗು ಮಾಡಿದಾಗ ಮಾತ್ರ ತೊಂದರೆ ಕಂಡರೆ ಆಂಟೆನಾ ಯಾವುದೋ ಲೋಹದ ಮರೆಯಲ್ಲಿದೆ. ಲೂಪ್ ಹೊಡೆಯುವಾಗ, ಜೋರಾಗಿ ತಿರುಗಿಸುವಾಗ ಮಾತ್ರ ಕಂಡರೆ ಮತ್ತೆ ಬ್ಯಾಟರಿಯ ಕಡೆಗೇ ಬನ್ನಿ.

ಕಿಡಿಯೋ ಅದುರುವಿಕೆಯೋ ಎಂಬ ಅನುಮಾನ ಉಳಿದರೆ ಮೇಜಿನ ಮೇಲೇ ತೀರ್ಮಾನ ಮಾಡುವ ಒಂದು ಒಳ್ಳೆಯ ಪರೀಕ್ಷೆ ಇದೆ. ಬ್ಯಾಟರಿಯಿಂದ ಕಿಡಿ ಹಾರಿಸುವ, ಅಂದರೆ ಬ್ಯಾಟರಿ ಇಗ್ನಿಷನ್ ಇರುವ ಇಂಜಿನ್‌ಗಳಲ್ಲಿ, ಉದಾಹರಣೆಗೆ ಡಿಎಲ್‌ಇ-55ರಲ್ಲಿ, ಪ್ರೊಪೆಲ್ಲರ್ ಹಬ್ಬಿನೊಳಗೆ ಒಂದು ಪುಟ್ಟ ಅಯಸ್ಕಾಂತ, ಅದರ ಎದುರು ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಇರುತ್ತದೆ. ಅಯಸ್ಕಾಂತ ಸೆನ್ಸರ್ ಮುಂದೆ ಹಾದಾಗ ಕಿಡಿ ಹಾರುತ್ತದೆ. ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಪೂರ್ತಿ ಖಾಲಿ ಮಾಡಿ. ಪ್ರೊಪೆಲ್ಲರ್ ಬಿಚ್ಚಿ. ಸೆನ್ಸರ್ ಕೂತಿರುವ ಜಾಗವನ್ನು ಪೆನ್ನಿನಿಂದ ಗುರುತು ಮಾಡಿ. ಗುರುತು ತಪ್ಪಿದರೆ ಆಮೇಲೆ ಇಂಜಿನ್ನಿನ ಟೈಮಿಂಗೇ ಕೆಡುತ್ತದೆ. ಸೆನ್ಸರ್ ಬಿಚ್ಚಿ, ಪ್ಲಗ್ ಇಂಜಿನ್ನಿನಲ್ಲೇ ಕ್ಯಾಪ್ ಸಮೇತ ಇರಲಿ, ರಿಸೀವರ್, ಇಗ್ನಿಷನ್ ಎರಡನ್ನೂ ಆನ್ ಮಾಡಿ, ಒಂದು ಚಿಕ್ಕ ಅಯಸ್ಕಾಂತವನ್ನು ಸೆನ್ಸರ್ ಎದುರು ಸರಸರನೆ ಆಡಿಸಿ. ಒಂದು ಮುಖದಿಂದ ಕಿಡಿ ಬರದಿದ್ದರೆ ಅಯಸ್ಕಾಂತ ತಿರುಗಿಸಿ ನೋಡಿ. ಚಟ್, ಚಟ್ ಎಂದು ಕಿಡಿಯ ಸದ್ದು ಕೇಳುತ್ತದೆ. ಏನೂ ಅದುರುತ್ತಿಲ್ಲ, ಏನೂ ತಿರುಗುತ್ತಿಲ್ಲ. ಆದರೂ ಪ್ರತಿ ಚಟ್‌ಗೆ ಒಂದು ಸರ್ವೊ ಕುಪ್ಪಳಿಸಿತೇ? ಹಾಗಾದರೆ ಕಳ್ಳ ಕಿಡಿಯೇ. ಸರ್ವೊಗಳು ಅಲುಗಲಿಲ್ಲವೇ? ಅದುರುವಿಕೆಯ ಕಡೆ ಹುಡುಕಿ. ಇಡೀ ದಿನದ ಮೈದಾನದ ಓಡಾಟವನ್ನು ಈ ಹತ್ತು ನಿಮಿಷ ಉಳಿಸುತ್ತದೆ.

ರೇಂಜ್ ಟೆಸ್ಟ್, ಎರಡು ಸಲ

ರೇಂಜ್ ಟೆಸ್ಟ್ ಎಲ್ಲರೂ ಮಾಡುತ್ತೇವೆ. ಆದರೆ ಬಹಳ ಜನ ಇಂಜಿನ್ ಬಂದ್ ಇಟ್ಟುಕೊಂಡು ಮಾಡಿ ಮುಗಿಸುತ್ತಾರೆ. ಪೆಟ್ರೋಲ್ ವಿಮಾನಕ್ಕೆ ಅದು ಅರ್ಧ ಪರೀಕ್ಷೆ.

ವಿಮಾನವನ್ನು ನೆಲದ ಮೇಲಲ್ಲ, ಎರಡು ಎರಡೂವರೆ ಅಡಿ ಎತ್ತರದ ಮರದ ಮೇಜಿನ ಮೇಲೆ ಇಡಿ. ಕಬ್ಬಿಣದ ಮೇಜು ಬೇಡ. 72 ಮೆಗಾಹರ್ಟ್ಸ್ ಸೆಟ್ ಆದರೆ ಟ್ರಾನ್ಸ್‌ಮಿಟರ್ ಆಂಟೆನಾ ಪೂರ್ತಿ ಒಳಗೆ. 2.4 ಆದರೆ ಪವರ್ ಇಳಿಸುವ ರೇಂಜ್ ಟೆಸ್ಟ್ ಮೋಡ್ ಆನ್. ಸ್ಟಿಕ್ ಆಡಿಸುತ್ತ ದೂರ ನಡೆಯಿರಿ, ಹೆಜ್ಜೆ ಎಣಿಸಿ. ನಿಮ್ಮ ಸೆಟ್ಟಿನ ಕೈಪಿಡಿಯಲ್ಲಿ ಒಂದು ದೂರ ಬರೆದಿರುತ್ತದೆ. ಹಲವು ಸೆಟ್‌ಗಳಲ್ಲಿ ಅದು ಸುಮಾರು 30 ಹೆಜ್ಜೆ. ಆ ದೂರ ಮುಟ್ಟಿದರೂ ಅಲ್ಲಿಗೇ ನಿಲ್ಲಬೇಡಿ. ಸರ್ವೊಗಳು ಮಾತು ಕೇಳದೆ ಹೋಗುವ ತನಕ ನಡೆಯಿರಿ. ಆ ಲೆಕ್ಕ ಬರೆದುಕೊಳ್ಳಿ. ವಿಮಾನದ ಮೂಗು ನಿಮ್ಮ ಕಡೆ, ಬಾಲ ನಿಮ್ಮ ಕಡೆ, ಪಕ್ಕ ನಿಮ್ಮ ಕಡೆ, ಹೀಗೆ ಮೂರು ಸಲ.

ಈಗ ಇಂಜಿನ್ ಓಡಿಸಿ. 22 ಇಂಚಿನ ಪ್ರೊಪೆಲ್ಲರ್ ತಿರುಗುವಾಗ ಒಬ್ಬರೇ ಈ ಪರೀಕ್ಷೆ ಮಾಡಬಾರದು. ವಿಮಾನವನ್ನು ಬಾಲದಿಂದ ಗಟ್ಟಿ ಕಂಬಕ್ಕೋ ಗೂಟಕ್ಕೋ ಕಟ್ಟಿ, ಇನ್ನೊಬ್ಬರು ರೆಕ್ಕೆಯ ಹಿಂದಿನಿಂದ ಹಿಡಿದಿರಬೇಕು. ಪ್ರೊಪೆಲ್ಲರ್ ತಿರುಗುವ ವೃತ್ತದ ನೇರಕ್ಕೆ ಯಾರೂ ನಿಲ್ಲಬಾರದು. ಮೂಗು ನಿಮ್ಮ ಕಡೆ ಇಟ್ಟು ನೋಡುವಾಗ ಎದುರು ನೇರವಾಗಿ ನಡೆಯದೆ ಓರೆಯಾಗಿ ನಡೆಯಿರಿ. ಮೊದಲು ಐಡಲ್, ಆಮೇಲೆ ಅರ್ಧ ಥ್ರಾಟಲ್, ಕೊನೆಗೆ ಪೂರ್ತಿ. ಮೂರರಲ್ಲೂ ಹೆಜ್ಜೆ ಎಣಿಸಿ. ಇಂಜಿನ್ ಬಂದ್ ಇದ್ದಾಗ 50 ಹೆಜ್ಜೆ ಬಂದಿದ್ದು ಈಗ 47 ಬಂದರೆ ಹಾರಿಸಬಹುದು. ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ ಹಾರಿಸಬೇಡಿ. 50 ಹೋಗಿ 30 ಆಗಿದ್ದರೆ, ಕೈಪಿಡಿಯ ಲೆಕ್ಕಕ್ಕೆ ಅದು ಪಾಸ್ ಎನಿಸಿದರೂ, ಆ ವಿಮಾನ ಮನೆಗೆ ವಾಪಸ್ ಹೋಗಬೇಕು. ಕೈಪಿಡಿಯ ದೂರ ಒಂದು ಸರಾಸರಿ ಸೆಟ್ಟಿನದು. ನಿಮ್ಮ ವಿಮಾನ ಎಷ್ಟು ಕಳೆದುಕೊಂಡಿತು ಎಂಬುದನ್ನು ಹೇಳುವುದು ಈ ವ್ಯತ್ಯಾಸ ಮಾತ್ರ.

ನಡುವೆ ಒಂದು ಮಾತು. ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇದ್ದರೆ ಎಸೆಯಬೇಡಿ. ಮೀಡಿಯಂ ವೇವ್‌ಗೆ ಇಟ್ಟು, ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ದಾಟಿ, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ. ಇಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಪ್ರೊಪೆಲ್ಲರಿನ ಹಿಂದೆ ನಿಂತು ರೇಡಿಯೊವನ್ನು ವಿಮಾನದ ಒಡಲಿನ ಉದ್ದಕ್ಕೂ ಸರಿಸುತ್ತ ಹೋಗಿ. ಕಿಡಿಯ ಲಯಕ್ಕೆ ಸರಿಯಾಗಿ ಟಕಟಕ ಕೇಳುತ್ತದೆ. ಎಲ್ಲಿ ಜೋರಾಯಿತೋ ಅಲ್ಲಿ ಸೋರಿಕೆ. ಇಂಜಿನ್ನಿನ ಬಳಿ ಜೋರಾಗಿ, ಹಿಂದೆ ಹೋದಂತೆ ಕರಗಿದರೆ ಸಹಜ. ರೆಕ್ಕೆಯ ತುದಿಯಲ್ಲಿ, ಏಲರಾನ್ ತಂತಿಯ ಗುಂಟ ಮತ್ತೆ ಜೋರಾದರೆ ಆ ತಂತಿಯೇ ಗದ್ದಲವನ್ನು ಹೊತ್ತೊಯ್ಯುತ್ತಿದೆ. ಸಾವಿರಾರು ರೂಪಾಯಿಯ ಉಪಕರಣಕ್ಕಿಂತ ಈ ಡಬ್ಬಿ ನಮ್ಮ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಪ್ಲಗ್ ಕ್ಯಾಪ್

ಈಗ ಈ ಮೇಜಿನ ಮೇಲಿರುವುದನ್ನು ನೋಡಿ. ಹಿಂದಿನ ಸಾಲಿನವರು ಆಮೇಲೆ ಹತ್ತಿರ ಬಂದು ಕೈಯಲ್ಲಿ ಹಿಡಿದು ನೋಡಿ. ಇದು ಬ್ಯಾಟರಿ ಇಗ್ನಿಷನ್ ಮಾಡ್ಯೂಲ್. ಒಳಗೆ ಬ್ಯಾಟರಿಯ ಐದಾರು ವೋಲ್ಟನ್ನು ನೂರಾರು ವೋಲ್ಟಿಗೆ ಏರಿಸಿ ಒಂದು ಕೆಪಾಸಿಟರಿನಲ್ಲಿ ತುಂಬಿಡುತ್ತದೆ. ಹಾಲ್ ಸೆನ್ಸರ್ ಸನ್ನೆ ಕೊಟ್ಟ ಕೂಡಲೇ ಅದನ್ನು ಕಾಯಿಲಿಗೆ ಸುರಿಯುತ್ತದೆ, ಆ ತುದಿಯಲ್ಲಿ ಹತ್ತು ಸಾವಿರಕ್ಕೂ ಮೀರಿದ ವೋಲ್ಟ್. ಅದು ಪ್ಲಗ್‌ಗೆ ಹೋಗುವುದು ಈ ದಪ್ಪ ತಂತಿಯಲ್ಲಿ. ನಡುವೆ ಕಂಡಕ್ಟರ್, ಅದರ ಸುತ್ತ ಸಿಲಿಕೋನ್ ರಬ್ಬರ್, ಅದರ ಹೊರಗೆ ಹೊಳೆಯುವ ಲೋಹದ ಜಡೆ. ತುದಿಯಲ್ಲಿ ಲೋಹದ ಕ್ಯಾಪ್.

ಈ ಜಡೆ ಅಂದಕ್ಕೆ ಹಾಕಿದ್ದಲ್ಲ. ಕಿಡಿ ಹಾರಿ ಪ್ಲಗ್ಗಿನ ಮೈಗೆ ಬಂದ ಕರೆಂಟು ಮಾಡ್ಯೂಲಿಗೆ ವಾಪಸ್ ಹೋಗಬೇಕಲ್ಲ, ಅದರ ದಾರಿಯೇ ಜಡೆ. ಹೋಗುವ ಕರೆಂಟು ನಡುವಿನ ತಂತಿಯಲ್ಲಿ, ಬರುವ ಕರೆಂಟು ಅದನ್ನೇ ಸುತ್ತಿಕೊಂಡ ಜಡೆಯಲ್ಲಿ. ಎರಡೂ ಒಂದರ ಗದ್ದಲವನ್ನು ಇನ್ನೊಂದು ನುಂಗುತ್ತವೆ, ಹೊರಗೆ ಏನೂ ಬರುವುದಿಲ್ಲ. ಎಲ್ಲಿಯವರೆಗೆ? ಕ್ಯಾಪ್ ಪ್ಲಗ್ಗಿನ ಆರು ಮೂಲೆಯ ಮೈಯನ್ನು ಬಿಗಿಯಾಗಿ ಕಚ್ಚಿ ಹಿಡಿದಿರುವವರೆಗೆ ಮಾತ್ರ. ಕ್ಯಾಪಿನೊಳಗೆ ಬೆರಳು ಹಾಕಿ ನೋಡಿ, ಸ್ಪ್ರಿಂಗ್ ಉಂಗುರ ತಾಕುತ್ತದೆ. ಪ್ಲಗ್ಗಿಗೂ ಜಡೆಗೂ ಇರುವ ನಂಟೆಲ್ಲ ಈ ಉಂಗುರದ ಹಿಡಿತ. ಹತ್ತಿಪ್ಪತ್ತು ಸಲ ಕಿತ್ತು ಹಾಕಿದರೆ, ಓರೆಯಾಗಿ ಎಳೆದರೆ, ಉಂಗುರ ಸಡಿಲವಾಗುತ್ತದೆ, ಕೆಲವೊಮ್ಮೆ ಮುರಿದು ಒಂದು ಚೂರು ಬಿದ್ದೇ ಹೋಗಿರುತ್ತದೆ. ಆಗ ಕ್ಯಾಪ್ ಇಂಜಿನ್ನಿನ ಅದುರಾಟಕ್ಕೆ ಮೇಲೇಳುತ್ತದೆ. ವಾಪಸ್ ಕರೆಂಟಿಗೆ ರಾಜಮಾರ್ಗ ಮುಚ್ಚಿತು. ಅದು ಇಂಜಿನ್ನಿನ ಮೈ ಹಿಡಿದು, ಸೆನ್ಸರಿನ ತಂತಿ ಹಿಡಿದು, ಬ್ಯಾಟರಿಯ ತಂತಿ ಹಿಡಿದು ಮಾಡ್ಯೂಲ್ ಸೇರಲು ನೋಡುತ್ತದೆ. ಆ ತಂತಿಗಳೆಲ್ಲ ಆಂಟೆನಾ ಆಗುತ್ತವೆ. ರಿಸೀವರಿಗಂತೂ ಕಾಟ, ಮಾಡ್ಯೂಲೂ ಸುಟ್ಟುಹೋಗಬಹುದು. ಬ್ಯಾಟರಿ ಇಗ್ನಿಷನ್ ಇರುವ ವಿಮಾನ ನಿನ್ನೆವರೆಗೆ ಚೆನ್ನಾಗಿದ್ದು ಇಂದು ನಡುಗಲು ಶುರುಮಾಡಿದರೆ ಮೊದಲು ಇಲ್ಲಿಗೇ ಕೈ ಹಾಕಬೇಕು.

ಪರೀಕ್ಷೆ ಸುಲಭ. ಇಗ್ನಿಷನ್ ಬ್ಯಾಟರಿ ಬಿಚ್ಚಿ. ಮಲ್ಟಿಮೀಟರನ್ನು ಓಮ್‌ಗೆ ಇಡಿ. ಒಂದು ಮೊನೆ ಮಾಡ್ಯೂಲ್ ಪಕ್ಕದ ಜಡೆಗೆ, ಇನ್ನೊಂದು ಇಂಜಿನ್ನಿನ ಮೈಗೆ. ಒಂದು ಓಮ್‌ಗಿಂತ ಕಡಿಮೆ ಇರಬೇಕು. ಈಗ ಕ್ಯಾಪ್ ಅಲುಗಿಸಿ, ಎಳೆಯಿರಿ, ತಿರುಗಿಸಿ. ಅಂಕಿ ಕುಣಿದರೆ ಉಂಗುರ ಬದಲಿಸಿ. ಕ್ಯಾಪ್ ಬಿಚ್ಚಿ, ಜಡೆ ಕ್ಯಾಪಿಗೆ ಸೇರುವ ಕುತ್ತಿಗೆಯನ್ನೂ ಬೆಳಕಿಗೆ ಹಿಡಿದು ನೋಡಿ. ಎಳೆಗಳು ಒಂದೊಂದಾಗಿ ಕಡಿಯುವುದು ಅಲ್ಲೇ. ಕೌಲ್‌ನ ಅಂಚಿಗೆ ಜಡೆ ಉಜ್ಜುತ್ತಿದ್ದರೆ ಅಲ್ಲಿ ರಬ್ಬರ್ ಗ್ರೊಮೆಟ್ ಹಾಕಿ. ಒಳಗಿನ ಸಿಲಿಕೋನ್‌ನಲ್ಲಿ ತೂತು ಬಿದ್ದರೆ ಕಿಡಿ ನಡುದಾರಿಯಲ್ಲೇ ಜಡೆಗೆ ಹಾರುತ್ತದೆ, ಇಂಜಿನ್ ಮಿಸ್ ಹೊಡೆಯುತ್ತದೆ, ಗದ್ದಲ ದುಪ್ಪಟ್ಟು. ಕತ್ತಲಾದ ಮೇಲೆ ಇಂಜಿನ್ ಐಡಲ್‌ನಲ್ಲಿ ಓಡಿಸಿ, ದೂರದಿಂದ ನೋಡಿದರೆ ಕ್ಯಾಪಿನ ಬುಡದಲ್ಲಿ ನೀಲಿ ಮಿಂಚು ಕಾಣುತ್ತದೆ. ಮಳೆಗಾಲದ ತೇವದಲ್ಲಿ ಇದು ಇನ್ನೂ ಬೇಗ ಬಯಲಾಗುತ್ತದೆ.

ಪ್ಲಗ್ಗಿನ ಸಂದಿಯನ್ನೂ ಅಳೆಯಿರಿ. ಡಿಎಲ್‌ಇ ತರಹದ ಇಂಜಿನ್‌ಗಳಲ್ಲಿ ಎನ್‌ಜಿಕೆ ಸಿಎಂ-6 ಪ್ಲಗ್‌ಗೆ 0.45ರಿಂದ 0.5 ಮಿಲಿಮೀಟರ್. ಸಂದಿ ಹಿಗ್ಗಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕು, ಆ ವೋಲ್ಟು ಬೇರೆ ಎಲ್ಲಿ ನುಸುಳಬಹುದು ಎಂದು ಹುಡುಕುತ್ತದೆ.

ಪ್ಲಗ್ಗಿನ ಒಳಗೆ ರೆಸಿಸ್ಟರ್ ಇರಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಇಂಜಿನ್ನಿನ ಇಗ್ನಿಷನ್ ಯಾವುದು ಎಂಬುದರ ಮೇಲಿದೆ. ಎನ್‌ಜಿಕೆ ಹೆಸರುಗಳಲ್ಲಿ ನಡುವೆ ಆರ್ ಅಕ್ಷರ ಇದ್ದರೆ ರೆಸಿಸ್ಟರ್ ಇದೆ ಎಂದು ಅರ್ಥ. ಬಿಪಿಎಂಆರ್7ಎ ಅಂಥದ್ದು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಓಡುವ ಕಳೆ ಕೊಚ್ಚುವ ಮೆಷಿನ್‌ಗಳಿಗೆ ಹಾಕುವ ಪ್ಲಗ್ಗೇ ಅದು, ಆ ಮೆಷಿನ್ನಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಮೀಟರಿನಲ್ಲಿ ಪ್ಲಗ್ಗಿನ ತಲೆಯಿಂದ ನಡುವಿನ ಮೊನೆಗೆ ಅಳೆದರೆ ಸುಮಾರು 5 ಕಿಲೊ ಓಮ್ ತೋರಿಸುತ್ತದೆ. ಸಿಎಂ-6ರಲ್ಲಿ ಆರ್ ಇಲ್ಲ, ಹತ್ತಿರ ಹತ್ತಿರ ಸೊನ್ನೆ. ಪೂರ್ತಿ ಜಡೆ ಇರುವ ಬ್ಯಾಟರಿ ಇಗ್ನಿಷನ್‌ಗೆ ತಯಾರಕರು ಸಿಎಂ-6 ಹೇಳಿದ್ದರೆ ಅದನ್ನೇ ಹಾಕಿ. ಅಲ್ಲಿ ಗದ್ದಲ ತಡೆಯುವುದು ಜಡೆಯ ಕೆಲಸ. ರೆಸಿಸ್ಟರ್ ಪ್ಲಗ್ ಬೇಕೇಬೇಕಾದದ್ದು ಮ್ಯಾಗ್ನೆಟೊಗೆ.

ಮ್ಯಾಗ್ನೆಟೊ ಇಂಜಿನ್‌ಗಳಲ್ಲಿ, ಜೆನೋವಾ ಜಿ-62 ತರಹದವುಗಳಲ್ಲಿ, ಇಗ್ನಿಷನ್‌ಗೆ ಬ್ಯಾಟರಿಯೇ ಇಲ್ಲ. ತಿರುಗುವ ಚಕ್ರದ ಅಯಸ್ಕಾಂತ ಕಾಯಿಲಿನ ಮುಂದೆ ಹಾದು ಕರೆಂಟು ಹುಟ್ಟಿಸುತ್ತದೆ. ಪ್ಲಗ್ ತಂತಿಗೆ ಹಲವು ಸಲ ಜಡೆ ಇರುವುದಿಲ್ಲ. ರೆಸಿಸ್ಟರ್ ಪ್ಲಗ್ ಹಾಕಿ, ಪ್ಲಗ್ ತಂತಿಯನ್ನು ಇಂಜಿನ್ನಿನ ಮೈಗೆ ಅಂಟಿದಂತೆ ಗಿಡ್ಡವಾಗಿ ಓಡಿಸಿ. ಇಷ್ಟಕ್ಕೇ ಬಹಳ ಸಲ ಸರಿಹೋಗುತ್ತದೆ. ಉಳಿದರೆ ನೋಡಬೇಕಾದದ್ದು ಇಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ತಂತಿ. ಅದು ನೇರ ಕಾಯಿಲಿಗೆ ಸೇರಿದ್ದು, ಪ್ರತಿ ಕಿಡಿಗೂ ಅದರಲ್ಲಿ ನೂರಾರು ವೋಲ್ಟಿನ ಮೊನೆ ಏಳುತ್ತದೆ. ಕೈಗೆ ಸುಲಭವಾಗಲಿ ಎಂದು ಆ ಸ್ವಿಚ್ಚನ್ನು ರಿಸೀವರ್ ಸ್ವಿಚ್ಚಿನ ಪಕ್ಕದಲ್ಲೇ ಕೂರಿಸಿರುತ್ತಾರೆ. ಗದ್ದಲವನ್ನು ಕೈಹಿಡಿದು ರಿಸೀವರಿನ ಮನೆಗೆ ಕರೆತಂದ ಹಾಗೆ. ಸ್ವಿಚ್ ಫೈರ್‌ವಾಲ್ (ಇಂಜಿನ್ ಕೂರಿಸುವ ಮುಂಗೋಡೆ) ಹತ್ತಿರವೇ ಇರಲಿ, ಎರಡು ತಂತಿಗಳನ್ನೂ ಹುರಿ ಹೊಸೆದು ಗಿಡ್ಡವಾಗಿ ಇಡಿ.

ತಂತಿಗಳ ದಾರಿ

ಒಳಗಿನ ಜೋಡಣೆಗೆ ನಾನು ಹೇಳುವ ಅಳತೆ ಒಂದು ಅಡಿ. ಇಗ್ನಿಷನ್ ಮಾಡ್ಯೂಲ್, ಅದರ ಬ್ಯಾಟರಿ, ಅದರ ಸ್ವಿಚ್ ಎಲ್ಲ ಮುಂದೆ. ರಿಸೀವರ್, ಅದರ ಬ್ಯಾಟರಿ, ಅದರ ಸ್ವಿಚ್ ಎಲ್ಲ ಹಿಂದೆ. ನಡುವೆ ಕನಿಷ್ಠ 30 ಸೆಂಟಿಮೀಟರ್. ಸ್ವಿಚ್‌ಗಳು ಒಡಲಿನ ಎದುರುಬದುರು ಬದಿಗಳಲ್ಲಿ. ಎರಡಕ್ಕೂ ಒಂದೇ ಬ್ಯಾಟರಿ ಎಂದು ವೈ ತಂತಿ ಹಾಕಿ ಹಂಚಿಕೊಳ್ಳಬೇಡಿ. ಫಿಲ್ಟರ್ ಇರುವ ಅದಕ್ಕೆಂದೇ ಮಾಡಿದ ಸಾಧನ ಬೇರೆ ಮಾತು, ಬರೀ ತಂತಿ ಅಲ್ಲ. ಟ್ರಾನ್ಸ್‌ಮಿಟರಿನಿಂದ ಇಗ್ನಿಷನ್ ಆರಿಸಬೇಕೆಂದರೆ ಆಪ್ಟಿಕಲ್ ಕಿಲ್ ಸ್ವಿಚ್ ಹಾಕಿ. ಅದರೊಳಗೆ ಸನ್ನೆ ದಾಟುವುದು ಬೆಳಕಿನ ಮೂಲಕ, ಎರಡು ಕಡೆಯ ತಂತಿಗಳು ಎಲ್ಲೂ ಮುಟ್ಟುವುದಿಲ್ಲ. ಅಂಥದ್ದನ್ನು ಹಾಕಿದ ಮೇಲೂ ಅದರ ಎರಡು ಕಡೆಯ ತಂತಿಗಳನ್ನು ಒಂದೇ ಕಟ್ಟಾಗಿ ಟೇಪ್ ಸುತ್ತಿ ಓಡಿಸಿದ ಜೋಡಣೆಗಳಿವೆ. ಆಗ ಆ ಸ್ವಿಚ್ ಹಾಕಿಯೂ ಪ್ರಯೋಜನವಿಲ್ಲ.

ಹಾಲ್ ಸೆನ್ಸರಿನ ತಂತಿ ಪ್ಲಗ್ ತಂತಿಯ ಪಕ್ಕ ಹೋಗಬಾರದು. ಎರಡೂ ದಾಟಲೇಬೇಕಾದರೆ ಅಡ್ಡಲಾಗಿ, ಲಂಬಕೋನದಲ್ಲಿ ದಾಟಲಿ.

ಥ್ರಾಟಲ್ ಕಡ್ಡಿಯ ಬಗ್ಗೆ ಒತ್ತಿ ಹೇಳಬೇಕು. ಇಂಜಿನ್ನಿನಿಂದ ಸರ್ವೊ ತನಕ ಉಕ್ಕಿನ ಕಡ್ಡಿ ಹಾಕಿದರೆ ಎರಡು ತೊಂದರೆ. ಗದ್ದಲ ಕಡ್ಡಿ ಹಿಡಿದು ಹಿಂದೆ ಬರುತ್ತದೆ. ಜೊತೆಗೆ ಲೋಹದ ಕ್ಲೆವಿಸ್ (ಕಡ್ಡಿಯ ತುದಿಯ ಕೊಂಡಿ) ಲೋಹದ ತೋಳಿನ ಮೇಲೆ ಅದುರುವಾಗ ಮುಟ್ಟಿ ಬಿಡುವ ಪ್ರತಿ ಸಲವೂ ತಾನೇ ಒಂದು ಪುಟ್ಟ ಗದ್ದಲ ಹುಟ್ಟಿಸುತ್ತದೆ. 72 ಮೆಗಾಹರ್ಟ್ಸ್ ಕಾಲದಲ್ಲಿ ಅರ್ಧ ನಡುಕ ಇದರದೇ. ಕಾರ್ಬನ್ ಕಡ್ಡಿ ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. ಕಾರ್ಬನ್ ಫೈಬರಿನಲ್ಲೂ ಕರೆಂಟು ಹರಿಯುತ್ತದೆ. ನೈಲಾನ್ ಕಡ್ಡಿ, ಕಾರ್ಬುರೇಟರ್ ತೋಳಿಗೆ ನೈಲಾನ್ ಬಾಲ್ ಲಿಂಕ್, ಇದು ಸರಿಯಾದ ಜೋಡಿ. ಚೋಕ್ ಎಳೆಯುವ ಕಡ್ಡಿಗೂ ಹೀಗೇ. ಬಾಲದ ಚಕ್ರದ ಸ್ಪ್ರಿಂಗ್‌ಗಳು, ಸಡಿಲವಾದ ಸೈಲೆನ್ಸರ್ ಬೋಲ್ಟ್ ಕೂಡ ಇದೇ ಜಾತಿಯ ಗದ್ದಲ ಮಾಡುತ್ತವೆ. ಬಿಗಿಮಾಡಿ, ಅಥವಾ ಲೋಹ ಲೋಹ ಸೇರುವ ಒಂದು ಕಡೆ ಪ್ಲಾಸ್ಟಿಕ್ ಬರಲಿ.

ಫೆರೈಟ್ ರಿಂಗ್ ಕೊನೆಯ ಅಸ್ತ್ರ, ಮೊದಲನೆಯದಲ್ಲ. ಉದ್ದ ತಂತಿಗಳಿಗೆ ರಿಸೀವರ್ ಪಕ್ಕದಲ್ಲಿ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಹಾಕಿ. ಮೂರೂ ಎಳೆಗಳು ಒಟ್ಟಿಗೆ ರಿಂಗಿನೊಳಗೆ ಐದು ಸುತ್ತು. ಒಂದೇ ಸಲ ತೂರಿಸಿ ಬಿಟ್ಟರೆ ಹೆಚ್ಚು ಉಪಯೋಗವಿಲ್ಲ, ಸುತ್ತು ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. 43ನೇ ನಂಬರಿನ ಮಿಶ್ರಣದ ಫೆರೈಟ್ ಕೇಳಿ ಕೊಳ್ಳಿ, ಅದು 25ರಿಂದ 300 ಮೆಗಾಹರ್ಟ್ಸ್ ಗದ್ದಲ ನುಂಗುವುದಕ್ಕೆ ಮಾಡಿದ್ದು.

ಆಂಟೆನಾ ಬಗ್ಗೆ ಬೇಗ ಮುಗಿಸುತ್ತೇನೆ. 2.4ರಲ್ಲಿ ಕೆಲಸ ಮಾಡುವುದು ತುದಿಯ ಬರೀ 31 ಮಿಲಿಮೀಟರ್. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು ಲಂಬಕೋನದಲ್ಲಿ, ಕಾರ್ಬನ್, ಟ್ಯಾಂಕ್, ಬ್ಯಾಟರಿಗಳಿಂದ ದೂರ. 72ರಲ್ಲಿ ಸುಮಾರು ಒಂದು ಮೀಟರ್ ತಂತಿ, ಕತ್ತರಿಸಬಾರದು, ಸುರುಳಿ ಸುತ್ತಬಾರದು, ಸರ್ವೊ ತಂತಿಗಳ ಜೊತೆ ಓಡಿಸಬಾರದು.

ಕಿಡಿಯಲ್ಲದ ಕಳ್ಳ

ಒಬ್ಬರು ಚೀಟಿ ಕಳಿಸಿದ್ದಾರೆ: ಎಲ್ಲ ಮಾಡಿದೆ, ಮ್ಯಾಗ್ನೆಟ್ ಪರೀಕ್ಷೆಯಲ್ಲಿ ಸರ್ವೊ ಅಲುಗುವುದಿಲ್ಲ, ಆದರೂ ಹಾರಾಟದಲ್ಲಿ ಎರಡು ಸಲ ಹಿಡಿತ ತಪ್ಪಿತು, ಸೆಟ್ 2.4.

ಬ್ಯಾಟರಿ ನೋಡಿ. ದೊಡ್ಡ ಡಿಜಿಟಲ್ ಸರ್ವೊ ಒತ್ತಡದಲ್ಲಿ ಒಂದು ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಅಂಥ ಆರು ಸರ್ವೊಗಳು ಒಟ್ಟಿಗೆ ಎಳೆದಾಗ, ಪೆನ್ಸಿಲ್ ಸೆಲ್ ಗಾತ್ರದ ನಾಲ್ಕು ಸೆಲ್‌ಗಳ 4.8 ವೋಲ್ಟ್ ಪ್ಯಾಕ್ ಕುಸಿಯುತ್ತದೆ. ತೆಳ್ಳನೆಯ ಸ್ವಿಚ್ ತಂತಿ ಇನ್ನಷ್ಟು ವೋಲ್ಟೇಜ್ ಕಚ್ಚಿಕೊಳ್ಳುತ್ತದೆ. ಹಳೆಯ 2.4 ರಿಸೀವರ್‌ಗಳು 3.5 ವೋಲ್ಟಿನ ಸುತ್ತಮುತ್ತ ಆರಿಹೋಗುತ್ತವೆ, ಮತ್ತೆ ಟ್ರಾನ್ಸ್‌ಮಿಟರನ್ನು ಹುಡುಕಿಕೊಳ್ಳಲು ಸೆಕೆಂಡುಗಳೇ ಬೇಕು. ನೀವು ಕೆಳಗಿಳಿಸಿ ಮೀಟರ್ ಇಟ್ಟರೆ 5 ವೋಲ್ಟ್ ತೋರಿಸುತ್ತದೆ, ಕುಸಿತ ಕ್ಷಣದ್ದು. ಹಾಗಾಗಿ ಕನಿಷ್ಠ ಅಂಕಿ ಹಿಡಿದಿಡುವ ಮೀಟರನ್ನು ರಿಸೀವರಿನ ಖಾಲಿ ಚಾನೆಲಿಗೆ ಸಿಕ್ಕಿಸಿ, ಸಹಾಯಕರು ಬಾಲದ ಎಲಿವೇಟರ್ ಪಟ್ಟಿ, ಏಲರಾನ್‌ಗಳನ್ನು ಕೈಯಿಂದ ಹದವಾಗಿ ತಡೆಹಿಡಿದಿರುವಾಗ ಎರಡೂ ಸ್ಟಿಕ್ ಜೋರಾಗಿ ಆಡಿಸಿ. ಕನಿಷ್ಠ ಅಂಕಿ ನಾಲ್ಕೂವರೆಗಿಂತ ಕೆಳಗೆ ಹೋದರೆ ಪ್ಯಾಕ್, ಸ್ವಿಚ್, ತಂತಿ ಮೂರನ್ನೂ ದಪ್ಪದ್ದಕ್ಕೆ ಬದಲಿಸಿ. ಸರ್ವೊಗಳು ತಡೆಯುವುದಾದರೆ 6.6 ವೋಲ್ಟಿನ ಎರಡು ಸೆಲ್ ಲೈಫ್ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕ್ ಒಳ್ಳೆಯದು. ಆಮೇಲೆ ರಿಸೀವರನ್ನು ಮೆತ್ತನೆಯ ಫೋಮಿನಲ್ಲಿ ಸುತ್ತಿ, ಕನೆಕ್ಟರ್‌ಗಳು ಕಳಚದಂತೆ ಕ್ಲಿಪ್ ಹಾಕಿ. 50 ಸಿಸಿ ಸಿಂಗಲ್ ಸಿಲಿಂಡರಿನ ಅದುರಾಟ ಗ್ಲೋ ಇಂಜಿನ್ನಿನ ಹಾಗಲ್ಲ.

ಹುಡುಕುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ನಂತರ ಅದೇ ಮೈದಾನ, ಅದೇ ಮೇಜು, ಅದೇ ದಿಕ್ಕಿನಲ್ಲಿ ಹೆಜ್ಜೆ ಎಣಿಸಿ. ಪ್ಲಗ್, ಕಡ್ಡಿ, ಬ್ಯಾಟರಿ ಮೂರನ್ನೂ ಒಂದೇ ದಿನ ಬದಲಿಸಿದರೆ ವಿಮಾನ ಸರಿಹೋಗಬಹುದು, ಯಾವುದು ಕೆಟ್ಟಿತ್ತು ಎಂದು ಗೊತ್ತಾಗುವುದಿಲ್ಲ. ಅದೇ ರೋಗ ಮುಂದಿನ ವಿಮಾನದಲ್ಲಿ ಕಾದಿರುತ್ತದೆ.

ಎಲ್ಲ ಸರಿಯಾದ ಮೇಲಿನ ಮೊದಲ ಹಾರಾಟ ಐದು ನಿಮಿಷ, ತಲೆಯ ಮೇಲೆ ಬೇಡ, ರನ್‌ವೇ ಆಚೆ ಬದಿಯಲ್ಲಿ, ಎಂಜಿನ್ ಆರಿದರೂ ಇಳಿಸಬಲ್ಲ ಎತ್ತರದಲ್ಲಿ. ಇಳಿಸಿದ ಕೂಡಲೇ, ರಿಸೀವರ್ ಆರಿಸುವ ಮುಂಚೆ, ವಿಮಾನ ಕಳಿಸಿದ ಅಂಕಿಗಳ ದಾಖಲೆ, ಅಂದರೆ ಟೆಲಿಮೆಟ್ರಿ ಲಾಗ್, ಇದ್ದರೆ ಓದಿ. ಸ್ಪೆಕ್ಟ್ರಮ್ ಕಂಪನಿಯ ಸೆಟ್‌ಗಳಲ್ಲಿ ಹೋಲ್ಡ್ (ಸಂಪರ್ಕ ಪೂರ್ತಿ ತಪ್ಪಿದ ಸಲಗಳ ಲೆಕ್ಕ) ಎಂಬ ಅಂಕಿ ಸೊನ್ನೆಯೇ ಇರಬೇಕು, ಒಂದಿದ್ದರೂ ಆ ದಿನ ಮತ್ತೆ ಹಾರಿಸಬೇಡಿ. ಫ್ರೇಮ್ ಲಾಸ್ (ರಿಸೀವರಿಗೆ ಸಿಗದೆ ಹೋದ ಸನ್ನೆಯ ತುಣುಕುಗಳು) 20ರ ಒಳಗಿದ್ದರೆ ಎರಡನೇ ಹಾರಾಟಕ್ಕೆ ಪೆಟ್ರೋಲ್ ತುಂಬಿಸಿ. ತುಂಬಿಸುವ ಮುಂಚೆ ಕೌಲ್ ಕೆಳಗೆ ಕೈ ಹಾಕಿ ಪ್ಲಗ್ ಕ್ಯಾಪನ್ನು ಒಮ್ಮೆ ಒತ್ತಿ ನೋಡಿ, ಇಂಜಿನ್ ತಣ್ಣಗಾಗಿದೆ ಎಂದು ಖಾತ್ರಿ ಮಾಡಿಕೊಂಡು.